ಸಂತಿಗೆ ಒಂದು ಕ್ಯಾಸೆಟ್ಟು

ಕೆಲವು ಪುಸ್ತಕಗಳ ಹಿಂದಿನ ರಟ್ಟಿನ ಒಳಮೈಗೆ ಕಾಗದದ ಒಂದು ಜೇಬು ಅಂಟಿಸಿರುತ್ತಾರಲ್ಲ, ಅದನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಜೇಬಿನ ಮೇಲೆಲ್ಲ ಸಿಟ್ಟು ಮಾಡಿಕೊಳ್ಳುವ ಇದೆಂಥ ಪ್ರಾಣಿ ಎಂದು ನೀವು ಕೇಳಬಹುದು. ಧಾರಾಳವಾಗಿ ಕೇಳಿ. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಮೇಜು ಕುಟ್ಟಿ ಕುಟ್ಟಿ ಬೆಳೆದವಳು ನಾನು. ಎದುರು ಮಾತಾಡುವವರು ಇಲ್ಲದಿದ್ದರೆ ನನಗೆ ಊಟವೂ ಸರಿಯಾಗಿ ಸೇರುವುದಿಲ್ಲ. ಮನುಷ್ಯರು ಯಾರೂ ಸಿಗದೆ ಇವಳು ಈಗ ಜೇಬಿನ ಜೊತೆ ಜಗಳಕ್ಕೆ ನಿಂತಿದ್ದಾಳೆ ಎಂದುಕೊಂಡರೂ ನನ್ನ ತಕರಾರಿಲ್ಲ.

ಶಿರಸಿಯ ಒಂದು ಹಳೆಯ ಗ್ರಂಥಾಲಯದಲ್ಲಿ ನನಗೆ ಕೆಲಸ. ಬಂದ ಪುಸ್ತಕಗಳನ್ನು ಕ್ಯಾಟಲಾಗಿಗೆ ಏರಿಸುವುದು. ಹೆಸರು, ಬರೆದವರು, ಪುಟ, ಎತ್ತರ ಇವನ್ನು ಕಂಪ್ಯೂಟರಿಗೆ ತುಂಬಿ, ಬೆನ್ನಿಗೆ ಚೀಟಿ ಅಂಟಿಸಿ, ಕಪಾಟಿನಲ್ಲಿ ನಿಲ್ಲಿಸಿದರೆ ಪುಸ್ತಕದ ಋಣ ತೀರಿತು. ಪುಸ್ತಕ ಒಂದೇ ಬಂದರೆ ಏನೂ ತೊಂದರೆಯಿಲ್ಲ. ಆದರೆ ಕೆಲವು ಪುಸ್ತಕಗಳು ಬರುವಾಗ ಬಾಲ ಕಟ್ಟಿಕೊಂಡು ಬರುತ್ತವೆ. ಭೂಗೋಳದ ಪುಸ್ತಕದ ಜೊತೆ ಮಡಚಿದ ನಕಾಶೆ, ಇಂಗ್ಲಿಷ್ ಕಲಿಸುವ ಪುಸ್ತಕದ ಜೊತೆ ಸಿ.ಡಿ., ಮಕ್ಕಳ ವಿಜ್ಞಾನದ ಪುಸ್ತಕದ ಜೊತೆ ಪ್ಲಾಸ್ಟಿಕ್ಕಿನ ಭೂತಗನ್ನಡಿ. ಒಮ್ಮೆ ಹೋಮಿಯೋಪತಿಯ ಒಂದು ಪುಸ್ತಕದ ಜೊತೆ ಸಕ್ಕರೆ ಗುಳಿಗೆಗಳ ಡಬ್ಬಿಯೇ ಬಂದಿತ್ತು. ಅದನ್ನು ಓದಲು ಒಯ್ದವರು ಪುಸ್ತಕವನ್ನು ಹೊಸದರಂತೆ ವಾಪಸು ತಂದರು, ಡಬ್ಬಿಯನ್ನು ಖಾಲಿ ತಂದರು. ಓದಿನ ಬಗ್ಗೆ ನಮ್ಮೂರಿನ ಅಭಿಪ್ರಾಯ ಏನೆಂದು ನನಗೆ ಅವತ್ತೇ ತಿಳಿಯಬೇಕಿತ್ತು.

ಈ ಬಾಲಗಳಿಗೆ ನಮ್ಮ ವಿದ್ಯೆಯಲ್ಲಿ ಒಂದು ನಿಯಮವಿದೆ. ಬಂದ ಎರಡರಲ್ಲಿ ಮುಖ್ಯ ಯಾವುದು ಎಂದು ಮೊದಲು ತೀರ್ಮಾನಿಸಬೇಕು. ಮುಖ್ಯವಾದದ್ದರ ಕುಲಗೋತ್ರವನ್ನೆಲ್ಲ ಬರೆದ ಮೇಲೆ ಸಾಲಿನ ಕೊನೆಯಲ್ಲಿ ಒಂದು ಕೂಡಿಸುವ ಚಿಹ್ನೆ ಹಾಕಿ, ಅದರಾಚೆ ಇನ್ನೊಂದನ್ನು ನಮೂದಿಸಬೇಕು. + 1 ಸಿ.ಡಿ., + 1 ನಕಾಶೆ. ಅಷ್ಟೇ. ಚಿಹ್ನೆಯಾಚೆ ಇರುವುದಕ್ಕೆ ಹೆಸರಿಲ್ಲ, ಮಾಡಿದವರಿಲ್ಲ. ಹುಡುಕಿದರೂ ಅದು ತಾನಾಗಿ ಸಿಗುವುದಿಲ್ಲ; ಪುಸ್ತಕ ಸಿಕ್ಕರೆ ಅದೂ ಸಿಕ್ಕೀತು.

"ಮುಖ್ಯ ಯಾವುದು ಅಂತ ಯಾರು ಹೇಳೋದು ಮೇಡಂ?" ಎಂದು ಸೇರಿದ ದಿನವೇ ನಾನು ನಮ್ಮ ಗ್ರಂಥಪಾಲಕಿ ಮೀನಾಕ್ಷಿ ಮೇಡಂ ಅವರನ್ನು ಕೇಳಿದ್ದೆ.

"ದಪ್ಪ ಇದ್ದಿದ್ದು ಮುಖ್ಯ," ಎಂದರು ಅವರು, ಕನ್ನಡಕದ ಮೇಲಿಂದ ನೋಡಿ. "ಸುಮ್ನೆ ಟೈಪ್ ಮಾಡು ಮಾರಾಯ್ತಿ."

ಜಗತ್ತಿನ ನ್ಯಾಯಶಾಸ್ತ್ರವನ್ನು ಇಷ್ಟು ಚಿಕ್ಕದಾಗಿ ಯಾರೂ ಹೇಳಿದ್ದನ್ನು ನಾನು ಕೇಳಿಲ್ಲ.

ಆ ಚಿಹ್ನೆಯಾಚೆಯ ಜಾಗ ನನಗೆ ಹೊಸದೇನಲ್ಲ. ನಮ್ಮ ಮನೆಮಾತಿನಲ್ಲಿ 'ಜೊತೆಗೆ' ಎನ್ನುವುದಕ್ಕೆ 'ಸಂತಿಗೆ' ಎನ್ನುತ್ತೇವೆ. ಅಪ್ಪನ ಸಂತಿಗೆ ಹೋಗು, ಅಕ್ಕನ ಸಂತಿಗೆ ಮಲಗು. ನನ್ನ ಬಾಲ್ಯವೆಲ್ಲ ಈ ಒಂದು ಶಬ್ದದಲ್ಲಿ ಕಳೆಯಿತು. ಹೆಂಗಸರು ಒಬ್ಬರೇ ಎಲ್ಲಿಗೂ ಹೋಗಬಾರದು. ದೊಡ್ಡವರನ್ನು ಕಳಿಸಿದರೆ ಮನೆಯ ಕೆಲಸ ಕೆಡುತ್ತದೆ. ಹಾಗಾಗಿ "ಕೂಸನ್ನ ಸಂತಿಗೆ ಕರಕಂಡು ಹೋಗು". ಎಲ್ಲರಿಗಿಂತ ಕಿರಿಯವಳಾದ ಆ ಕೂಸು ನಾನು. ಹಾದಿಯಲ್ಲಿ ಯಾರಾದರೂ ಅಡ್ಡ ಬಂದರೆ ಹಲ್ಲು ಬೀಳುತ್ತಿದ್ದ ವಯಸ್ಸಿನ ನಾನು ಮಾಡಬೇಕಾದದ್ದೇನು ಎಂದು ಯಾರೂ ಹೇಳಿಕೊಟ್ಟಿರಲಿಲ್ಲ. ಕೂಗಬೇಕಿತ್ತೋ ಏನೋ. ಅದು ನನಗೆ ಬರುತ್ತಿತ್ತು.

ಚಿಕ್ಕಮ್ಮ ಹೊಲಿಗೆಯ ಪರೀಕ್ಷೆಗೆ ಯಲ್ಲಾಪುರಕ್ಕೆ ಹೋದಾಗ ಸಂತಿಗೆ ಹೋಗಿ ಬಸ್ಸಿನಲ್ಲಿ ಅವಳ ಹೊಸ ಸೀರೆಯ ಮೇಲೆ ವಾಂತಿ ಮಾಡಿದೆ. ದೊಡ್ಡಮ್ಮ ಹಲ್ಲು ಕೀಳಿಸಿಕೊಳ್ಳಲು ಸಿದ್ದಾಪುರಕ್ಕೆ ಹೋದಾಗ ಸಂತಿಗೆ ಹೋದೆ. ಡಾಕ್ಟರು "ಬಾಯಿ ತೆಗೀರಿ" ಎಂದಾಗ ನಾನೂ ತೆಗೆದೆ. ಸಂತಿಗೆ ಹೋದವರಿಗೆ ಬೆಂಚಿನ ತುದಿಯಲ್ಲಿ ಜಾಗ, ಬಸ್ಸಿನಲ್ಲಿ ಯಾರದಾದರೂ ತೊಡೆ, ಹೋಟೆಲಿನಲ್ಲಿ ಬೇರೆಯವರ ತಟ್ಟೆಯ ಅರ್ಧ ಬನ್ಸು. "ಇದೆಂತ, ಕೂಸೂ ಬಂದಿದ್ದು?" ಎಂದು ನೋಡಿದವರೆಲ್ಲ ಕೇಳುತ್ತಿದ್ದರು, ನನ್ನನ್ನಲ್ಲ, ಕರೆತಂದವರನ್ನು. ನಿನಗೇನು ಬೇಕು ಎಂದು ಒಬ್ಬರೂ ಕೇಳಲಿಲ್ಲ. ಮುಂದೆ ನಾನು ಕೇಳದವರಿಗೂ ಅಭಿಪ್ರಾಯ ಹೇಳುವವಳಾದದ್ದರಲ್ಲಿ ಆಶ್ಚರ್ಯವೇನಿದೆ, ಹೇಳಿ.

ಈ ಸಂತಿಗೆಯ ತಿರುಗಾಟದಲ್ಲಿ ನನ್ನನ್ನು ಕೇಳಿದವಳು ಒಬ್ಬಳೇ, ಗಂಗತ್ತೆ. ಅಪ್ಪನ ಅಕ್ಕ, ವಾನಳ್ಳಿಗೆ ಕೊಟ್ಟದ್ದು. ಕೇಳುತ್ತಿದ್ದದ್ದು ಪ್ರೀತಿಯಿಂದೇನಲ್ಲ, ಕೆಣಕಲು. "ಎಂತ ಕೂಸೆ, ಸಂತಿಗೆ ಬಂದವ್ಳು ನೀನೋ ಇದೋ?" ಎಂದು ನನ್ನ ಕೈಯ ಚೀಲವನ್ನು ತೋರಿಸುವಳು. ಗಂಗತ್ತೆ ಜಗಳಗಂಟಿ, ಜಂಬದವಳು, ಬೇರೆಯವರು ಮಾಡಿದ ಸಾರಿಗೆ ಉಪ್ಪು ಹಾಕದೆ ಉಂಡವಳಲ್ಲ. ಹಾಡಿನಲ್ಲಿ ಮಾತ್ರ ಅವಳ ಜಂಬಕ್ಕೆ ಕಾರಣವಿತ್ತು. ಮದುವೆ ಮನೆಗಳಲ್ಲಿ ಯಾರಾದರೂ ಕರೆಯುವ ತನಕ ತನಗೆ ಹಾಡು ಬರುವುದಿಲ್ಲ ಎನ್ನುವಳು. ಕರೆದ ಮೇಲೆ ನಿಲ್ಲಿಸಲು ಬರುತ್ತಿರಲಿಲ್ಲ.

ಅವಳ ಹಾಡುಗಳಲ್ಲಿ ಒಂದು ಹೆಣ್ಣೊಪ್ಪಿಸುವ ಹಾಡು. ಉದ್ದದ್ದು, ಅವಳ ಅಮ್ಮನಿಂದ ಬಂದದ್ದು. ಅದರ ಕೊನೆಗೆ ಎರಡು ಸಾಲನ್ನು ಗಂಗತ್ತೆ ತಾನೇ ಕಟ್ಟಿ ಸೇರಿಸಿದ್ದಳು:

ಅಕ್ಕನ ಸಂತಿಗೆ ಆನು ಹೋದಿ
ಅಕ್ಕ ಬಂತಿಲ್ಲೆ, ಆನೊಬ್ಳೆ ಬಂದಿ

ಹೊಸ ಮದುಮಗಳು ಮೊದಲ ಸಲ ಗಂಡನ ಮನೆಗೆ ಹೋಗುವಾಗ ಅವಳ ಸಂತಿಗೆ ತವರಿನ ಒಂದು ಸಣ್ಣ ಕೂಸನ್ನು ಕಳಿಸುವುದು ಆಗಿನ ರೂಢಿ. ಹೊಸ ಮನೆಯಲ್ಲಿ ಹುಡುಗಿಗೆ ಬೇಜಾರಾಗದಿರಲಿ ಎಂದು. ಕೆಲವು ದಿನ ಇದ್ದು ಕೂಸು ವಾಪಸು ಬರುತ್ತದೆ. ಗಂಗತ್ತೆಯ ಅಕ್ಕನಿಗೆ ಯಲ್ಲಾಪುರದ ಕಡೆ ಗಂಡು. ಸಂತಿಗೆ ಹೋದವಳು ಗಂಗತ್ತೆ. ಹೋಗುವಾಗ ಗಾಡಿಯಲ್ಲಿ ಅಕ್ಕನ ಸೆರಗು ಹಿಡಿದು ಕೂತಿದ್ದಳಂತೆ, ಬರುವಾಗ ಅದೇ ಗಾಡಿಯಲ್ಲಿ ಒಬ್ಬಳೇ. ಮರುವರ್ಷ ಆ ಅಕ್ಕ ಹೆರಿಗೆಯಲ್ಲಿ ತೀರಿಕೊಂಡಳು. ಗಂಗತ್ತೆ ಇದನ್ನು ಅತ್ತುಕೊಂಡು ಹೇಳಿದ್ದಲ್ಲ. ಬೀನ್ಸಿನ ನಾರು ತೆಗೆಯುತ್ತ ಹೇಳಿದ್ದು.

ನಾನು ಹುಟ್ಟುವ ಮುಂಚೆ, ಬಯಲುಸೀಮೆಯಿಂದ ಒಬ್ಬ ಪ್ರಾಧ್ಯಾಪಕರು ಟೇಪ್‌ರೆಕಾರ್ಡರ್ ಹಿಡಿದು ವಾನಳ್ಳಿಗೆ ಬಂದು ಗಂಗತ್ತೆಯಿಂದ ಹಾಡಿಸಿಕೊಂಡು ಹೋಗಿದ್ದರು. ಮಲೆನಾಡಿನ ಹೆಂಗಸರ ಹಾಡುಗಳ ಸಂಗ್ರಹ ಮಾಡುತ್ತಿದ್ದರಂತೆ. ಪುಸ್ತಕ ಬಂದರೆ ಕಳಿಸುತ್ತೇನೆ ಎಂದಿದ್ದರು. ಪುಸ್ತಕ ಬಂತು, ಕಳಿಸಲಿಲ್ಲ. ಹಾಗಾಗಿ ಅದರಲ್ಲಿ ಏನಿದೆ ಎಂದು ಗಂಗತ್ತೆಗೆ ತಿಳಿದದ್ದು ಬಹಳ ವರ್ಷದ ಮೇಲೆ, ಅದೂ ನನ್ನ ಬಾಯಿಂದ.

ನಾನಾಗ ಡಿಗ್ರಿಯಲ್ಲಿದ್ದೆ. ಶಿರಸಿಯಲ್ಲಿ ಅಂತರ ಕಾಲೇಜು ಚರ್ಚಾಸ್ಪರ್ಧೆ. ವಿಷಯ, ಮದುವೆ ಎಂಬುದು ಹೆಣ್ಣಿನ ಪಾಲಿಗೆ ವ್ಯಾಪಾರ. ನಾನು ಪರ. (ವಿರೋಧ ಕೊಟ್ಟಿದ್ದರೆ ಅದನ್ನೂ ಅಷ್ಟೇ ಆವೇಶದಿಂದ ಮಾತಾಡುತ್ತಿದ್ದೆ, ಅದು ನಮಗೆ ಕೊಟ್ಟ ತರಬೇತಿ.) ನಮ್ಮ ಮೇಷ್ಟ್ರು ಯಾವುದೋ ಲೇಖನದಿಂದ ಇಳಿಸಿಕೊಂಡ ಒಂದು ಚೀಟಿ ಕೊಟ್ಟಿದ್ದರು. ಅದರಲ್ಲಿ ಹೀಗಿತ್ತು:

ಅಕ್ಕನ ಸಂತೆಗೆ ನಾನು ಹೋದೆ
ಅಕ್ಕ ಬರಲಿಲ್ಲ, ನಾನೊಬ್ಬಳೆ ಬಂದೆ

ಕೆಳಗೆ ವಿವರಣೆ: ಮದುವೆಯನ್ನು ಜನಪದ ಹೆಣ್ಣು ಸಂತೆಯೆಂದೇ ಕರೆದಿದ್ದಾಳೆ; ಅಕ್ಕ ಅಲ್ಲಿ ಬಿಕರಿಯಾದ ಸರಕು; ತಂಗಿ ಬರಿಗೈಯಲ್ಲಿ ಮರಳುವ ಸಾಕ್ಷಿ. ಓದಿ ನನಗೆ ಮೈ ಜುಮ್ಮೆಂದಿತು. ಹಾಡು ಅತ್ತೆಯದೆಂಬ ಅನುಮಾನವೂ ಬರಲಿಲ್ಲ. ಬರುವುದಾದರೂ ಹೇಗೆ? ಪುಸ್ತಕದ ಬಟ್ಟೆ ತೊಡಿಸಿದ ಮೇಲೆ ಮನೆಯವರ ಗುರುತೂ ಸಿಗುವುದಿಲ್ಲ. ನನ್ನ ಸರದಿ ಬಂದಾಗ ಸಭೆಯತ್ತ ಬೆರಳು ತೋರಿಸಿ, "ಆ ಸಂತೆ ಇನ್ನೂ ಮುಗಿದಿಲ್ಲ, ಸ್ನೇಹಿತರೇ!" ಎಂದು ಮುಗಿಸಿದೆ. ಚಪ್ಪಾಳೆ. ಮೊದಲ ಬಹುಮಾನದ ಕಪ್ಪು.

ಕಪ್ಪು ತೋರಿಸಲು ವಾನಳ್ಳಿಗೆ ಹೋಗಿ ಗಂಗತ್ತೆಯ ಎದುರು ನಿಂತು ಭಾಷಣದ ತುದಿಯನ್ನು ಬೆರಳು ಸಮೇತ ಒಪ್ಪಿಸಿದೆ. ಅವಳು ಪೂರ್ತಿ ಕೇಳಿದಳು. ಆಮೇಲೆ ನಗು ಹತ್ತಿತು, ಕೆಮ್ಮು ಬರುವಷ್ಟು ನಗು.

"ಅಯ್ಯೋ ಕೂಸೆ, ಸಂತೆಗಲ್ದೆ, ಸಂತಿಗೆ! ಅಕ್ಕನ ಸಂತಿಗೆ ಹೋಗಿದ್ದಿ ಆನು. ಅಕ್ಕನ್ನ ಎಂತ, ಸಂತೇಲಿ ಬದನೆಕಾಯಿ ಸಂತಿಗೆ ಮಾರಿದ್ವನೆ?"

"ಇದು ನಿನ್ನ ಹಾಡಾ ಅತ್ತೆ?"

"ಮತ್ತೆ ನಿನ್ ಮೇಷ್ಟ್ರದ್ದಾ?"

ನಗು ನಿಂತ ಮೇಲೆ ಅವಳು ನನ್ನ ಕಪ್ಪನ್ನು ತಿರುಗಿಸಿ ತಿರುಗಿಸಿ ನೋಡಿದಳು. ಅದರ ಮೇಲೆ ಬೇರೆ ಏನಾದರೂ ಬರೆದಿದೆಯೋ ಎಂದು ಹುಡುಕುವವಳಂತೆ.

"ಅಕ್ಕಂದು ಒಂದು ಫೋಟೋನೂ ಇಲ್ಲೆ," ಎಂದಳು. "ಆ ಹಾಡು ಬಿಟ್ರೆ ಅಕ್ಕ ಎಲ್ಲೂ ಇಲ್ಲೆ. ಅಲ್ಲೂ ಎನ್ನ ಅದರ ಸಂತಿಗೆ ಬಿಡದೆ ಹೋದ್ರೆ ಹ್ಯಾಂಗೆ? ಆ ಪುಸ್ತಕ ಎಲ್ಲಿದ್ದು ನೋಡು. ಆ ಒಂದು ಶಬ್ದ ಸರಿ ಮಾಡ್ಸು. ಹೆಸ್ರು ಗಿಸ್ರು ಎಂತ ಬ್ಯಾಡ. ಅದೊಂದು ಸರಿ ಮಾಡ್ಸಿರೆ ಸಾಕು ಎಂಗೆ."

"ಆತು ಅತ್ತೆ, ಮಾಡ್ಸ್ತೆ," ಎಂದೆ. ಕಪ್ಪು ಗೆದ್ದವಳ ಧೈರ್ಯದಲ್ಲಿ.

ನಂಬಿಕೆಯಿಲ್ಲದವಳಾದ ನನಗೆ ಯೋಗಾಯೋಗ ಎನ್ನುವ ಶಬ್ದ ಆಗುವುದಿಲ್ಲ. ಊರಿನ ಪುಸ್ತಕಗಳು ಊರಿನ ಗ್ರಂಥಾಲಯಕ್ಕೆ ಬರದೆ ಇನ್ನೆಲ್ಲಿಗೆ ಹೋಗುತ್ತವೆ? ಯಾರೋ ತೀರಿಕೊಂಡವರ ಮನೆಯಿಂದ ಬಂದ ರಟ್ಟಿನ ಪೆಟ್ಟಿಗೆಯಲ್ಲಿ ಆ ಸಂಗ್ರಹ ಇತ್ತು. ದಪ್ಪ ಪುಸ್ತಕ. ಹಾಡಿನ ಕೆಳಗೆ 'ಜನಪದ, ಕರ್ತೃ ಅಜ್ಞಾತ' ಎಂದು ಹಾಕಿದ್ದರು. ಅಜ್ಞಾತ ಕರ್ತೃ ಅದೇ ಹೊತ್ತಿಗೆ ವಾನಳ್ಳಿಯಲ್ಲಿ ಕೂತು ಸೊಸೆ ಮಾಡಿದ ಕಷಾಯಕ್ಕೆ ಹೆಸರಿಡುತ್ತಿದ್ದಿರಬೇಕು. ಹಿಂದಿನ ರಟ್ಟು ತಿರುಗಿಸಿದೆ. ಜೇಬು. ಜೇಬಿನೊಳಗೆ ಕ್ಯಾಸೆಟ್ಟು.

ಈಗ ನನ್ನ ವಾದ ಕೇಳಿ. ಗಂಗತ್ತೆ ಹಾಡಿದ್ದು ಮೊದಲು. ಅದನ್ನು ಕೇಳಿ ಬರೆದುಕೊಂಡದ್ದು ಆಮೇಲೆ. ಕ್ಯಾಸೆಟ್ಟು ಇಲ್ಲದೆ ಪುಸ್ತಕ ಇಲ್ಲ. ಪುಸ್ತಕ ಇಲ್ಲದೆಯೂ ಕ್ಯಾಸೆಟ್ಟು ಇರಬಹುದಿತ್ತು. ಹಾಗಿದ್ದ ಮೇಲೆ ಯಾವುದು ಯಾವುದರ ಬಾಲ? ಮೀನಾಕ್ಷಿ ಮೇಡಂ ನನ್ನ ಮಾತನ್ನು ಪೂರ್ತಿ ಕೇಳಿದರು. ನಂತರ ಒಂದು ಕೈಯಲ್ಲಿ ಪುಸ್ತಕ, ಇನ್ನೊಂದು ಕೈಯಲ್ಲಿ ಕ್ಯಾಸೆಟ್ಟು ಹಿಡಿದು ತೂಗಿ ತೋರಿಸಿದರು. ನಾನು ಟೈಪ್ ಮಾಡಿದೆ: + 1 ಕ್ಯಾಸೆಟ್ಟು.

ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಅದೇ ಸಮಯದಲ್ಲಿ ನಮ್ಮ ಗ್ರಂಥಾಲಯದವರಿಗೆ ಊರಿನ ಅಪರೂಪದ ಪುಸ್ತಕಗಳನ್ನು ಸ್ಕ್ಯಾನ್ ಮಾಡಿ ಅಂತರ್ಜಾಲಕ್ಕೆ ಏರಿಸುವ ಉಮೇದು ಬಂದಿತ್ತು. ಈ ಸಂಗ್ರಹವೂ ಹೋಗುವುದಿತ್ತು, 'ಸಂತೆಗೆ' ಸಮೇತ. ಕ್ಯಾಸೆಟ್ಟು ಹೋಗುವುದಿರಲಿಲ್ಲ, ಅದನ್ನು ಸ್ಕ್ಯಾನ್ ಮಾಡಲು ಪುಟವೇ ಇಲ್ಲವಲ್ಲ. ಕಪಾಟಿನಲ್ಲಿ ಒಂದು ಪ್ರತಿ ತಪ್ಪಾಗಿ ಕೂತಿರುವುದು ಬೇರೆ, ಊರೂರಿನ ಮೊಬೈಲಿಗೆ ತಪ್ಪು ಹೋಗುವುದು ಬೇರೆ. ಸಮಿತಿಗೆ ಅರ್ಜಿ ಕೊಟ್ಟೆ. ಧ್ವನಿಯನ್ನೂ ಏರಿಸಿ. ಆಗದಿದ್ದರೆ ಪುಸ್ತಕದ ವಿವರದಲ್ಲಿ ಒಂದು ಸಾಲಿನ ಟಿಪ್ಪಣಿಗಾದರೂ ಒಪ್ಪಿ: ಹಾಡಿನಲ್ಲಿರುವುದು ಸಂತಿಗೆ, ಎಂದರೆ ಜೊತೆಗೆ.

ಸಮಿತಿಯಲ್ಲಿ ಭಾಷೆಯ ವಿಷಯಕ್ಕೆ ಕೊನೆಯ ಮಾತು ಬಸವರಾಜ ಸರ್ ಅವರದ್ದು. ತಾಲೂಕಿನ ಅಂಚಿನಲ್ಲಿ, ಬಯಲುಸೀಮೆಯ ಮಾತಾಡುವ ದಾಸನಕೊಪ್ಪದವರು, ಹೈಸ್ಕೂಲಿನಲ್ಲಿ ಕನ್ನಡ ಕಲಿಸಿ ನಿವೃತ್ತರಾದವರು. ಒಳ್ಳೆಯ ಮನುಷ್ಯ. ಅದೇ ಕಷ್ಟ, ಕೆಟ್ಟವರ ಎದುರು ಸೋಲುವುದರಲ್ಲಿ ಒಂದು ಗೌರವವಾದರೂ ಇರುತ್ತದೆ. "ಹಾಡು ಕೇಳೂಣಂತ ಬಿಡವಾ, ಕೇಳಾಕೇನು ರೊಕ್ಕ ಬೀಳತೈತೇನು?" ಎಂದು ನನ್ನ ಅರ್ಜಿಗೆ ಜೀವ ಕೊಟ್ಟವರೂ ಅವರೇ.

ಕ್ಯಾಸೆಟ್ಟು ಹಾಡಿಸುವ ಯಂತ್ರಕ್ಕೆ ಊರೆಲ್ಲ ತಿರುಗಿದೆ. ಬಸ್‌ಸ್ಟ್ಯಾಂಡಿನ ಹತ್ತಿರ ರೇಡಿಯೋ ರಿಪೇರಿಯವನೊಬ್ಬ ಅಟ್ಟದಿಂದ ಇಳಿಸಿ ಕೊಟ್ಟ. "ಹಾಡೇ ಬೇಕಾದ್ರೆ ಮೊಬೈಲಲ್ಲಿ ಇದ್ದಲೆ ತಂಗಿ," ಎಂದ ಕನಿಕರದಿಂದ.

ಸಭೆಯಲ್ಲಿ ಬಟನ್ ಒತ್ತಿದೆ. ಮೊದಲು ಗರಗರ. ಆಮೇಲೆ ಯಾರದೋ ಕೆಮ್ಮು, ಪಾತ್ರೆಯ ಸದ್ದು, "ಈಗ ಹೇಳಲಾ?" ಎನ್ನುವ ಒಂದು ದನಿ. ಈಗಿನ ನನಗಿಂತ ಸ್ವಲ್ಪವೇ ದೊಡ್ಡವಳಾಗಿದ್ದ ಗಂಗತ್ತೆಯ ದನಿ. ನಾನು ಅವಳನ್ನು ಆ ವಯಸ್ಸಿನಲ್ಲಿ ನೋಡಿದ್ದೇ ಇಲ್ಲ. ಜಂಬ ಮಾತ್ರ ಆಗಲೇ ಪೂರ್ತಿ ಬೆಳೆದಿತ್ತು. ಹಾಡು ಶುರುವಾಯಿತು. ಸಮಿತಿಯವರು ಪುಸ್ತಕದ ಪುಟ ತೆರೆದು ಬೆರಳಿಟ್ಟು ಹಿಂಬಾಲಿಸಿದರು. ಕೊನೆಯ ಸಾಲುಗಳು ಬಂದವು. ಅವಳು 'ತಿ'ಯನ್ನು ಎಳೆದು, ತೂಗಿ, ಒಂದಿಷ್ಟೂ ಸಂಶಯಕ್ಕೆ ಎಡೆಯಿಲ್ಲದಂತೆ ಹಾಡಿದ್ದಳು. ಅಕ್ಕನ ಸಂತೀ... ಗೆ.

ನಾನು ಯಂತ್ರ ನಿಲ್ಲಿಸಿದೆ. ಗೆದ್ದಾಗಿತ್ತು. ಸಾಕ್ಷಿ ಇಷ್ಟು ಸ್ಪಷ್ಟವಾಗಿ ಮಾತಾಡಿದ್ದನ್ನು ಯಾವ ಕೋರ್ಟೂ ಕೇಳಿರಲಿಕ್ಕಿಲ್ಲ.

"ಹೌದಲ್ಲವಾ," ಎಂದರು ಬಸವರಾಜ ಸರ್, ಮುಖ ಅರಳಿಸಿ. "ಸಂತಿಗೆ ಅಂತನ ಹಾಡ್ಯಾಳ. ಎಷ್ಟ ಚಲೋ ಕೇಳತೈತಿ!"

"ಹಾಗಾದ್ರೆ ತಿದ್ದಬಹುದಲ್ಲ ಸರ್?"

"ತಿದ್ದೂದೇನೈತಿ ಅದರಾಗ? ಸಂತಿ ಅಂದ್ರ ಸಂತೀನ. ವಾರಾ ನಾವು ಶಿರಸಿ ಸಂತಿಗೆ ಬರ್ತೀವಿಲ್ಲೋ? ಆಡೂದು ಸಂತಿ, ಬರಿಯೂದು ಸಂತೆ. ಅಚ್ಚು ಹಾಕೂಮುಂದ ಬರಿಯೂ ಮಾತು ಮಾಡ್ಯಾರ. ತಪ್ಪೇನೈತಿ?"

ನನ್ನದೇ ಸಾಕ್ಷಿ ಕಟಕಟೆಯಿಂದ ಇಳಿದು ಹೋಗಿ ಎದುರು ಪಕ್ಷದವರ ಪಕ್ಕ ಕೂತಿತ್ತು. ಪುಸ್ತಕ ಮಾಡಿದ ಪ್ರಾಧ್ಯಾಪಕರ ಕಿವಿಯೂ ಇದೇ ಆಗಿತ್ತು ಎಂದು ಆಗ ಹೊಳೆಯಿತು. ಅವರು ತಪ್ಪು ಕೇಳಿಸಿಕೊಂಡದ್ದಲ್ಲ. ಸರಿಯಾಗಿಯೇ ಕೇಳಿಸಿಕೊಂಡು, ತಮ್ಮೂರಿನ ಅರ್ಥ ಮಾಡಿ, ಅದನ್ನೂ ತಿದ್ದಿ ಅಚ್ಚು ಹಾಕಿಸಿದ್ದರು.

"ಸರ್, ನಮ್ಮಲ್ಲಿ ಸಂತಿಗೆ ಅಂದ್ರೆ ಜೊತೆಗೆ," ಎಂದೆ.

"ನಿಮ್ಮಲ್ಲಿ ಅಂದ್ರ? ನಾನೂ ಶಿರಸಿ ತಾಲೂಕಿನಾಂವನ ಅಲ್ಲೇನವಾ?"

"ಆನು ಅಂತಾಳೆ, ಬಂತಿಲ್ಲೆ ಅಂತಾಳೆ. ಇದು ದಾಸನಕೊಪ್ಪದ ಮಾತಲ್ಲವಲ್ಲ ಸರ್? ಉಳಿದದ್ದೆಲ್ಲ ನಮ್ಮ ಮಾತು, ಅದೊಂದೇ ಶಬ್ದ ನಿಮ್ಮದು ಹೇಗಾಗ್ತದೆ?"

ಇದು ಒಳ್ಳೆಯ ಪೆಟ್ಟು. ಈಗಲೂ ನನಗೆ ಅದರ ಬಗ್ಗೆ ಅಭಿಮಾನವಿದೆ. ಸಮಿತಿಯ ಒಬ್ಬಿಬ್ಬರು ತಲೆಯನ್ನೂ ಆಡಿಸಿದರು. ಬಸವರಾಜ ಸರ್ ಮಾತ್ರ ನಕ್ಕರು.

"ಎರಡು ಸೀಮಿ ಮಂದಿ ಎಲ್ಲಿ ಕೂಡ್ತಾರವಾ? ಸಂತ್ಯಾಗ. ಮಾತೂ ಅಲ್ಲೇ ಕೂಡತಾವ."

ಚಪ್ಪಾಳೆ ಬಿತ್ತು. ನಿಜವಾಗಿ ಬಿತ್ತು. ಆ ಮಾತಿನಲ್ಲಿ ಒಂದು ಗುಲಗಂಜಿಯಷ್ಟೂ ಪುರಾವೆ ಇರಲಿಲ್ಲ. ಚಂದ ಮಾತ್ರ ಇತ್ತು. ಚಂದದ ಮಾತು ಸರಿಯಾದ ಮಾತನ್ನು ಹೇಗೆ ಮಲಗಿಸುತ್ತದೆ ಎಂದು ನನಗಿಂತ ಚೆನ್ನಾಗಿ ಆ ಕೋಣೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಅದನ್ನೇ ಮಾಡಿ ನಾನು ಕಪ್ಪು ತಂದವಳು.

"ಹಾಡಿದವರು ನಮ್ಮ ಅತ್ತೆ. ಇದ್ದಾರೆ. ಕರೆಸಿ ಕೇಳಿ," ಎಂದೆ. ದನಿ ಸ್ವಲ್ಪ ಏರಿತ್ತು.

"ಅದು ಬರೂದಿಲ್ಲವಾ," ಎಂದರು ಅವರು, ಬಹಳ ಮೃದುವಾಗಿ. "ಪುಸ್ತಕದಾಗ ಜನಪದ ಅಂತ ಐತಿ. ಜನಪದಕ್ಕ ಒಬ್ಬಾಕಿ ಒಡತಿ ಅಂತ ಇರ್ತಾಳೇನು? ಇವತ್ತು ನಿಮ್ಮತ್ತಿ ಒಂದು ಅರ್ಥ ಹೇಳ್ತಾಳ, ನಾಳೆ ಇನ್ನೊಬ್ಬಾಕಿ ಬರ್ತಾಳ. ಮತ್ತ ಸಂತಿ ಅರ್ಥಾನ ಎಷ್ಟ ದೊಡ್ಡದೈತಿ ನೋಡು. ಜೊತಿಗೆ ಹೋದ್ಲು, ಒಬ್ಬಾಕಿ ಬಂದ್ಲು, ಅದರಾಗೇನೈತಿ? ಸಂತಿ ಅಂದ್ರ ನೋಡು, ಕರುಳು ಚುರ್ ಅಂತೈತಿ." ಸ್ವಲ್ಪ ಮುಂದೆ ಬಾಗಿದರು. "ಅಷ್ಟ್ಯಾಕ, ನೀನ ಹೇಳಿದ್ದಿ ಅಲ್ಲ? 'ಆ ಸಂತೆ ಇನ್ನೂ ಮುಗಿದಿಲ್ಲ, ಸ್ನೇಹಿತರೇ!' ಅವತ್ತ ಜಡ್ಜ್ ಆಗಿ ಕುಂತಾಂವ ನಾನ. ನಿನಗ ಹತ್ತಕ್ಕ ಹತ್ತು ಹಾಕಿದ್ದೆ. ಈಗ ನೀನ ಅಲ್ಲ ಅಂತೀಯೇನು?"

ಶಿರಸಿಯಲ್ಲಿ ಎಲ್ಲ ಸ್ಪರ್ಧೆಗೂ ತೀರ್ಪು ಕೊಡುವವರು ಅದೇ ನಾಲ್ಕು ಜನ ಎಂಬುದನ್ನು ನಾನು ಮರೆತಿದ್ದೆ. ಅವರು ಕುಹಕಕ್ಕೆ ಹೇಳಿದ್ದಲ್ಲ. ಅಷ್ಟು ವರ್ಷ ಆ ಸಾಲನ್ನು ನೆನಪಿಟ್ಟುಕೊಂಡಿದ್ದರು. ನನ್ನ ಬಗ್ಗೆ ಹೆಮ್ಮೆಯಿತ್ತು ಅವರಿಗೆ. ಚರ್ಚಾಪಟುವಿಗೆ ಎಲ್ಲರ ಮಾತಿಗೂ ಉತ್ತರ ಕಲಿಸುತ್ತಾರೆ. ತನ್ನ ಮಾತಿಗೇ ಉತ್ತರಿಸುವುದನ್ನು ಯಾರೂ ಕಲಿಸುವುದಿಲ್ಲ.

ಟಿಪ್ಪಣಿ ಬೇಡ ಎಂದಾಯಿತು. ಪುಸ್ತಕ ಅಂತರ್ಜಾಲಕ್ಕೆ ಹೋಯಿತು. ಕ್ಯಾಸೆಟ್ಟನ್ನು ಹಾಡಿಸುವ ಯಂತ್ರ ಗ್ರಂಥಾಲಯದಲ್ಲಿ ಇಲ್ಲವಾದ್ದರಿಂದ ಅದು ಮುರಿದ ಕುರ್ಚಿಗಳಿರುವ ಕೋಣೆಗೆ ಹೋಯಿತು. ಜೇಬು ಮಾತ್ರ ಪುಸ್ತಕದಲ್ಲೇ ಇದೆ, ಬಾಯಿ ತೆರೆದುಕೊಂಡು. ಈಗ ನೀವು ನಮ್ಮ ಕ್ಯಾಟಲಾಗಿನಲ್ಲಿ ಹುಡುಕಿದರೆ ಆ ಪುಸ್ತಕದ ಸಾಲಿನ ಕೊನೆಗೆ + 1 ಕ್ಯಾಸೆಟ್ಟು ಎಂದು ಕಾಣುತ್ತದೆ. ಕೇಳಿದರೆ ಕೊಡಲು ಏನೂ ಇಲ್ಲ. ಅಕ್ಕನ ಹಾಡಿಗೂ ಅಕ್ಕನದೇ ಗತಿ ಆಯಿತು, ಎಂದು ನಾನು ಇಲ್ಲಿ ಒಂದು ಚಂದದ ಸಾಲು ಹೊಡೆಯಬಹುದು. ಹೊಡೆಯುವುದಿಲ್ಲ. ಅಂಥ ಸಾಲುಗಳಿಂದ ಆದದ್ದು ಸಾಕು.

ವಾನಳ್ಳಿಗೆ ಹೋಗಿ ಹೇಳಿದೆ. "ಆತಿಲ್ಲೆ ಅತ್ತೆ." ಗಂಗತ್ತೆ ಬಯ್ಯುತ್ತಾಳೆ ಎಂದುಕೊಂಡಿದ್ದೆ. ಬಯ್ದಿದ್ದರೆ ನಾನೂ ನಾಲ್ಕು ಮಾತಾಡಿ ಹಗುರಾಗುತ್ತಿದ್ದೆ. ಅವಳು, "ಟೇಪಲ್ಲಿ ಎನ್ ಸ್ವರ ಹ್ಯಾಂಗಿತ್ತೆ?" ಎಂದು ಮಾತ್ರ ಕೇಳಿದಳು.

"ಜಂಬದ್ದು," ಎಂದೆ.

"ಅಡ್ಡಿಲ್ಲೆ ಹಂಗಾರೆ," ಎಂದಳು.

ಮೊನ್ನೆ ಸಿದ್ದಾಪುರದ ಕಡೆ ನಮ್ಮ ಚಿಕ್ಕಪ್ಪನ ದೊಡ್ಡ ಮಗಳ ಮದುವೆ. ನೆಂಟರ ಕಾರಿನಲ್ಲಿ ಗಂಗತ್ತೆಯ ಸಂತಿಗೆ ನಾನು ಹೋದೆ. ಈಗ ಮಂಡಿ ಹಿಡಿದಿದೆ ಅವಳಿಗೆ, ಇಳಿಯಲು ಹತ್ತಲು ಯಾರಾದರೂ ಬೇಕು. ಹೆಣ್ಣೊಪ್ಪಿಸುವ ಹೊತ್ತಿಗೆ ಮದುಮಗಳ ತಂಗಿ ಸಿಂಧು ಮತ್ತು ಅವಳ ವಾರಗೆಯ ಹುಡುಗಿಯರು ಮೊಬೈಲು ಹಿಡಿದು ಸಾಲಾಗಿ ಕೂತರು. ಹಳೆಯ ಹಾಡು ಹಾಡಬೇಕು ಎಂದು ಅವರಿಗೆ ಹುಮ್ಮಸ್ಸು. ಎಲ್ಲಿಂದ ಕಲಿತರು ಎಂದು ನೀವು ಕೇಳಬೇಕಾಗಿಲ್ಲ. ನಮ್ಮ ಗ್ರಂಥಾಲಯದ ಮೊಹರು ಪರದೆಯ ಮೂಲೆಯಲ್ಲಿ ಕಾಣುತ್ತಿತ್ತು. ರಾಗ ತಿಳಿಯದೆ ಯಾವುದೋ ಭಜನೆಯ ಧಾಟಿ ಹಾಕಿಕೊಂಡಿದ್ದರು.

"ಗಂಗತ್ತೆ, ನೀನೂ ಬಾರೆ," ಎಂದು ಸಿಂಧು ಕರೆದಳು.

"ಎಂಗೆ ಬತ್ತಿಲ್ಲೆ," ಎಂದಳು ಗಂಗತ್ತೆ, ರೂಢಿಯಂತೆ. ಮತ್ತೊಮ್ಮೆ ಕರೆದ ಮೇಲೆ ಹೋಗಿ ಮಧ್ಯೆ ಕೂತಳು. ಧಾಟಿ ಸರಿಮಾಡಿದಳು. ಹುಡುಗಿಯರು ಬೇಗ ಹಿಡಿದರು. ಹಾಡು ಏರಿತು. ಕೊನೆಗೆ ಅವಳ ಸಾಲು ಬಂತು. ಅವಳು "ಸಂತೀ" ಎಂದು ಎತ್ತಿದ್ದಷ್ಟೇ, ಸಿಂಧು ಹಾಡು ನಿಲ್ಲಿಸಿ ಮೊಬೈಲನ್ನು ಅವಳ ಕಣ್ಣೆದುರು ಹಿಡಿದಳು.

"ಅತ್ತೆ, ಸಂತೆಗೆ ಅಂತ ಇದ್ದು ಇಲ್ಲಿ. ನೋಡು, ಪುಸ್ತಕದಲ್ಲೇ ಇದ್ದು. ನಿಂಗೆ ಮರ್ತೋಯ್ದು."

ನಾನು ಎದ್ದು ನಿಂತೆ. ಪೂರ್ತಿ ಭಾಷಣ ನಾಲಿಗೆಯ ತುದಿಯಲ್ಲಿತ್ತು. ಯಲ್ಲಾಪುರದ ಗಾಡಿಯಿಂದ ದಾಸನಕೊಪ್ಪದ ವ್ಯಾಕರಣದವರೆಗೆ ಎಲ್ಲವೂ, ಈ ಸಲ ಒಂದೂ ಬಿಡದಂತೆ. ಗಂಗತ್ತೆ ಕನ್ನಡಕ ಏರಿಸಿ ಆ ಪುಟ್ಟ ಪರದೆಯನ್ನು ನೋಡಿದಳು. ಬಹಳ ಹೊತ್ತು ನೋಡಿದಳು.

"ಹೌದೇ," ಎಂದಳು. "ಹೇಳಿ, ಹೇಳಿ, ಮದುಮಗಳು ಕಾಯ್ತಾ ಇದ್ದು."

ಹುಡುಗಿಯರು ಮತ್ತೆ ಎತ್ತಿದರು. ಅಕ್ಕನ ಸಂತೆಗೆ. ಗಂಗತ್ತೆಯೂ ಅಂದಳು. ಅರೆಗಳಿಗೆ ಹಿಂದೆ, ಸಣ್ಣ ದನಿಯಲ್ಲಿ. ಸಂತೆಗೆ.

ನಾನು ಹೋಗಿ ಅವಳ ಪಕ್ಕದಲ್ಲಿ ಕುಕ್ಕರಿಸಿದೆ. "ಅತ್ತೆ, ನೀನೂ ಸಂತೆಗೆ ಹೇಳ್ತ್ಯಲೆ?"

ಅವಳು ನನ್ನ ಕಡೆ ತಿರುಗಲಿಲ್ಲ. ಮದುಮಗಳನ್ನು ನೋಡುತ್ತಿದ್ದಳು.

"ಎಲ್ಲರ ಸಂತಿಗೆ ಹೇಳವು ಅಲ್ದನೆ?" ಎಂದಳು. "ಆನೊಬ್ಳೆ ಬೇರೆ ಹೇಳಿರೆ ಹಾಡು ಆಗ್ತಿಲ್ಲೆ."

ಸಂತಿಗೆ ಎಂಬ ಆ ಶಬ್ದ ಎಷ್ಟು ಸರಾಗವಾಗಿ ಬಂದಿತ್ತು. ಬಸವರಾಜ ಸರ್ ಕೇಳಬೇಕಿತ್ತು. ಯಾವ ಯಂತ್ರವೂ ಓಡುತ್ತಿರಲಿಲ್ಲ ಅಲ್ಲಿ. ಮೊಬೈಲುಗಳಿದ್ದವು, ಎಲ್ಲವೂ ಪುಸ್ತಕ ತೋರಿಸುತ್ತಿದ್ದವು.

ಹುಡುಗಿಯರು ಆ ಎರಡು ಸಾಲನ್ನು ಇನ್ನೊಮ್ಮೆ ಹಾಡುವ ಎಂದು ಮೊದಲಿನಿಂದ ಎತ್ತಿದರು. ಗಂಗತ್ತೆ ನನ್ನ ಮೊಣಕೈ ತಿವಿದಳು. ಅವಳ ಸಂತಿಗೆ ನಾನೂ ಬಾಯಿ ತೆರೆದೆ.

ಸಂತೆಗೆ, ಎಂದೆ.